ಸರಿಯಾದ ಹಬ್ ಮತ್ತು ಸರಿಸುಮಾರಾದ ಹಬ್

‘ಇದೇ ಕೂರುತ್ತೆ, ಹಾಕ್ಕೊಳ್ಳಿ ಸಾರ್’ ಎಂಬ ಮಾತು ವಾಹನಗಳ ಬಿಡಿಭಾಗದ ಅಂಗಡಿಗಳಲ್ಲಿ ದಿನಕ್ಕೆ ಹತ್ತಾರು ಬಾರಿ ಕೇಳಿಬರುತ್ತದೆ. ಬಹುತೇಕ ಸಂದರ್ಭಗಳಲ್ಲಿ ಈ ಮಾತು ಸುಳ್ಳೂ ಅಲ್ಲ, ಅಪಾಯಕಾರಿಯೂ ಅಲ್ಲ. ಬಾಗಿಲಿನ ಹಿಡಿ, ಪಕ್ಕದ ಕನ್ನಡಿ, ಹಾರನ್ನಿನ ಗುಂಡಿ ಇವೆಲ್ಲ ಸರಿಸುಮಾರಾಗಿ ಕೂತರೂ ವಾಹನ ಓಡುತ್ತದೆ. ಗಾಲಿಯ ಹಬ್ ಈ ಪಂಕ್ತಿಗೆ ಸೇರಿದ ವಸ್ತುವಲ್ಲ. ವಾಹನದ ಭಾರವೆಲ್ಲವೂ, ಬ್ರೇಕಿನ ಹಿಡಿತವೆಲ್ಲವೂ, ತಿರುವಿನಲ್ಲಿ ಹುಟ್ಟುವ ಒತ್ತಡವೆಲ್ಲವೂ ರಸ್ತೆಯನ್ನು ತಲುಪುವುದು ಅದರ ಮೂಲಕವೇ. ಎತ್ತಿನ ಗಾಡಿಯ ಕಾಲದಲ್ಲಿ ಊರ ಬಡಗಿಯು ಅರೆಕಾಲುಗಳಿಗೆ ಸಿಕ್ಕ ಮರ ಬಳಸಿದರೂ ಗಾಲಿಯ ನಡುಭಾಗಕ್ಕೆ ಮಾತ್ರ ಮರವನ್ನು ಬಡಿದು ನೋಡಿ ಆರಿಸುತ್ತಿದ್ದುದು ಇದೇ ಕಾರಣಕ್ಕೆ.

ಹಬ್ಬಿನ ವಿಷಯದಲ್ಲಿ ‘ಸರಿಸುಮಾರು’ ಎಂಬುದು ಎಷ್ಟು ದುಬಾರಿ ಎಂಬುದನ್ನು ಅರಿಯಲು ಅತ್ಯಂತ ಕಠಿಣವಾದ ಉದಾಹರಣೆಯೊಂದನ್ನು ತೆಗೆದುಕೊಳ್ಳುವುದು ಒಳಿತು. ಆ ಉದಾಹರಣೆ 1960ರ ದಶಕದ ಬ್ರಿಟಿಷ್ ಸ್ಪೋರ್ಟ್ಸ್ ಕಾರು. 1962ರಿಂದ 1980ರವರೆಗೆ 5 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಎಂಜಿಬಿ, ಅದಕ್ಕೆ ಮುಂಚಿನ ಎಂಜಿಎ, ಟ್ರಯಂಫ್ ಸ್ಪಿಟ್‌ಫೈರ್, ಆಸ್ಟಿನ್-ಹೀಲಿ, ಜಾಗ್ವಾರ್ ಮುಂತಾದವು ಈ ಕುಟುಂಬದವು. ಇವುಗಳಿಗೂ ಮಲೆನಾಡಿಗೂ ಏನು ಸಂಬಂಧ ಎಂಬ ಪ್ರಶ್ನೆ ಸಹಜವೇ. ಶಿವಮೊಗ್ಗದ ರಸ್ತೆಗಳಲ್ಲಿ ಇಂತಹ ಕಾರುಗಳು ಸಾಲುಗಟ್ಟಿ ನಿಂತಿಲ್ಲ. ಆದರೆ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯವನ್ನೋ ಶ್ರೀರಂಗಪಟ್ಟಣದ ಸಮೀಪದ ‘ಪಯಣ’ ಸಂಗ್ರಹಾಲಯವನ್ನೋ ಕಂಡವರಿಗೆ ಹಳೆಯ ವಾಹನಗಳನ್ನು ಉಳಿಸಿಕೊಳ್ಳುವ ಹಂಬಲ ಕರ್ನಾಟಕದಲ್ಲಿ ಎಷ್ಟಿದೆ ಎಂಬುದು ತಿಳಿದೇ ಇದೆ. ಕೇಂದ್ರ ಸರ್ಕಾರವು 2021ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, 50 ವರ್ಷ ಮೀರಿದ, ಮೂಲರೂಪದಲ್ಲಿ ಉಳಿದಿರುವ ವಾಹನಗಳಿಗೆ ‘ವಿಎ’ ಅಕ್ಷರಗಳುಳ್ಳ ಪ್ರತ್ಯೇಕ ನೋಂದಣಿ ಸರಣಿಯನ್ನು ಕಲ್ಪಿಸಿತು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷಗಳ ಅವಧಿ. ಚಾಸಿಯನ್ನೋ ಎಂಜಿನ್ನನ್ನೋ ಬದಲಿಸಿ ಮಾರ್ಪಡಿಸಿದ ವಾಹನಕ್ಕೆ ಈ ಮಾನ್ಯತೆ ಇಲ್ಲ. ಹಾಗಾಗಿ ಹಳೆಯ ಕಾರನ್ನು ಹೇಗೋ ಓಡುವಂತೆ ಮಾಡಿದರೆ ಸಾಕೆಂಬ ಕಾಲ ಹೋಗಿ, ಅದು ಹೇಗಿತ್ತೋ ಹಾಗೆಯೇ ಇರಬೇಕೆಂಬ ಕಾಲ ಬಂದಿದೆ.

ಅಂತಹ ಕಾರಿನ ಮಾಲೀಕನೊಬ್ಬ ಸವೆದ ಹಬ್ಬೊಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮಾಚೇನಹಳ್ಳಿಯ ಯಾವುದೋ ಯಂತ್ರಾಗಾರದ ಬಾಗಿಲಿಗೆ ಬಂದನೆಂದು ಭಾವಿಸೋಣ. ಅವನ ಕೈಯಲ್ಲಿರುವುದು ಒಂದು ಲೋಹದ ತುಂಡು. ಅದರ ಬಗ್ಗೆ ಕೇಳಬೇಕಾದ ಪ್ರಶ್ನೆಗಳು ಮಾತ್ರ ಅನೇಕ.

ತಂತಿಗಾಲಿಯ ಹಬ್ಬಿನ ಒಳಗುಟ್ಟು

ಸಾಮಾನ್ಯ ಕಾರಿನ ಗಾಲಿಯನ್ನು ನಾಲ್ಕೈದು ಬೋಲ್ಟುಗಳು ಹಿಡಿದಿರುತ್ತವೆ. ತಂತಿಗಾಲಿಯ ಬ್ರಿಟಿಷ್ ಕಾರುಗಳಲ್ಲಿ ಆ ಬೋಲ್ಟುಗಳೇ ಇಲ್ಲ. ಹಬ್ಬಿನ ಹೊರಮೈಯಲ್ಲಿ ಉದ್ದುದ್ದಕ್ಕೆ ಹಲ್ಲುಗಳಿರುತ್ತವೆ. ಕಾರ್ಖಾನೆಯ ಭಾಷೆಯಲ್ಲಿ ಅವು ಸ್ಪ್ಲೈನ್. ಗಾಲಿಯ ಒಳಮೈಯಲ್ಲಿ ಅವಕ್ಕೆ ಸರಿಹೊಂದುವ ಹಲ್ಲುಗಳಿರುತ್ತವೆ. ಗಾಲಿಯನ್ನು ಹಬ್ಬಿನ ಮೇಲೆ ಸರಿಸಿ, ನಡುವೆ ಒಂದೇ ಒಂದು ದೊಡ್ಡ ನಟ್ಟನ್ನು ತಾಮ್ರದ ಸುತ್ತಿಗೆಯಿಂದ ಬಡಿದು ಬಿಗಿಗೊಳಿಸಲಾಗುತ್ತದೆ. ಎಂಜಿನ್ನಿನ ಎಳೆತವನ್ನೂ ಬ್ರೇಕಿನ ಎಳೆತವನ್ನೂ ಹೊರುವುದು ಹಲ್ಲುಗಳು. ಗಾಲಿಯನ್ನು ನಡುವಿಗೆ ಕೂರಿಸಿ ಹಿಡಿಯುವುದು ಒಳಬದಿಯಲ್ಲಿ ಹಬ್ಬಿನ ಇಳಿಜಾರು ಮೈ, ಹೊರಬದಿಯಲ್ಲಿ ನಟ್ಟಿನ ಇಳಿಜಾರು ಮೈ.

ಈ ನಟ್ಟಿನ ಥ್ರೆಡ್ ಕಾರಿನ ಎರಡು ಬದಿಗಳಲ್ಲಿ ಒಂದೇ ರೀತಿ ಇರುವುದಿಲ್ಲ. ಎಡಬದಿಯ ಹಬ್ಬುಗಳಿಗೆ ಬಲಕ್ಕೆ ತಿರುಗಿಸಿದರೆ ಬಿಗಿಯಾಗುವ ಸಾಮಾನ್ಯ ಥ್ರೆಡ್. ಬಲಬದಿಯವುಗಳಿಗೆ ಎಡಕ್ಕೆ ತಿರುಗಿಸಿದರೆ ಬಿಗಿಯಾಗುವ ಲೆಫ್ಟ್ ಥ್ರೆಡ್. ಗಾಲಿ ಮುಂದಕ್ಕೆ ಉರುಳುವಾಗ ಇಳಿಜಾರು ಮೈಗಳ ನಡುವಿನ ಸೂಕ್ಷ್ಮ ಚಲನೆಯು ನಟ್ಟನ್ನು ಸಡಿಲಗೊಳಿಸದೆ ಬಿಗಿಗೊಳಿಸಲಿ ಎಂಬುದು ಈ ವ್ಯವಸ್ಥೆಯ ಉದ್ದೇಶ. ಬದಿ ಅದಲುಬದಲಾದರೆ ಇದೇ ಚಲನೆ ನಟ್ಟನ್ನು ಮೆಲ್ಲಮೆಲ್ಲನೆ ಬಿಚ್ಚುತ್ತದೆ. ಎರಡು ಹಬ್ಬುಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರೆ ಥ್ರೆಡ್ಡಿನ ಓರೆಯೊಂದನ್ನು ಬಿಟ್ಟು ಬೇರೆ ವ್ಯತ್ಯಾಸ ಕಾಣುವುದಿಲ್ಲ. ಪೆಟ್ಟಿಗೆಯ ಮೇಲಿನ ಚೀಟಿ ಕಳಚಿಹೋದ ದಾಸ್ತಾನಿನಲ್ಲಿ ಒಂದು ಹಬ್ ಯಾವ ಬದಿಗೆ ಸೇರಿತು ಎಂಬ ತಪ್ಪು ಆಗುವುದು ಹೀಗೆ.

ಬದಿ ಸರಿಯಾದರೂ ಕೆಲಸ ಮುಗಿಯದು. ಎಂಜಿಎ ಕಾರಿನ ಹಬ್ಬಿಗೆ ಇಂಚಿಗೆ 12 ಸುತ್ತುಗಳ ಥ್ರೆಡ್. ಎಂಜಿಬಿಯ ಬಹುಪಾಲು ಕಾರುಗಳಿಗೆ ಇಂಚಿಗೆ 8. ಒಂದರ ನಟ್ಟು ಇನ್ನೊಂದಕ್ಕೆ ಹೊಂದದು. ಇನ್ನು ಹಲ್ಲುಗಳ ಗಾತ್ರ. ಎಂಜಿ, ಟ್ರಯಂಫ್, ಆಸ್ಟಿನ್-ಹೀಲಿಗಳ ಹಬ್ಬನ್ನು ವ್ಯಾಪಾರದಲ್ಲಿ 42 ಮಿ.ಮೀ. ಎಂದೂ ಜಾಗ್ವಾರಿನದನ್ನು 52 ಮಿ.ಮೀ. ಎಂದೂ ಕರೆಯುವುದು ರೂಢಿ. ಇವು ಹಬ್ಬಿನ ಶ್ರೇಣಿಗೆ ಹಿಂದಿನಿಂದ ಬಂದ ಹೆಸರುಗಳೇ ಹೊರತು ಹಲ್ಲುಗಳ ಹೊರವ್ಯಾಸವಲ್ಲ. ಕ್ಯಾಲಿಪರ್ ಹಿಡಿದು 42ನ್ನು ಹುಡುಕುವ ತರುಣ ಟರ್ನರನಿಗೆ ಅದು ಎಲ್ಲೂ ಸಿಗುವುದಿಲ್ಲ. ಹಿರಿಯರು ಯಾರಾದರೂ ಹೇಳಿಕೊಡಬೇಕು.

ಎಂಜಿಬಿಯ ಹಿಂಗಾಲಿನ ಹಬ್ಬಿಗೆ ಇನ್ನೂ ಒಂದು ತೊಡಕಿದೆ. ಆರಂಭದ ತೆರೆದ ಕಾರುಗಳಲ್ಲಿ ಬ್ಯಾಂಜೋ ಎಂಬ ಬಗೆಯ ಹಿಂದಿನ ಆಕ್ಸಲ್ ಇತ್ತು. 1967ರ ಸುಮಾರಿಗೆ ಅದರ ಬದಲು ಕೊಳವೆ ಬಗೆಯ ಸಾಲಿಸ್‌ಬರಿ ಆಕ್ಸಲ್ ಬಂದಿತು. ಎರಡಕ್ಕೂ ಹಬ್ ಬೇರೆ, ಬೇರಿಂಗ್ ಬೇರೆ. ಅದಲ್ಲದೆ ತಂತಿಗಾಲಿಯ ಕಾರಿನ ಆಕ್ಸಲ್ ಸಾದಾ ಗಾಲಿಯ ಕಾರಿನ ಆಕ್ಸಲ್ಲಿಗಿಂತ ಅಗಲದಲ್ಲಿ ಕಿರಿದು, ಏಕೆಂದರೆ ಹಲ್ಲಿನ ಹಬ್ ಹೊರಕ್ಕೆ ಚಾಚಿಕೊಂಡಿರುತ್ತದೆ. ಸಾದಾ ಆಕ್ಸಲ್ಲಿಗೆ ತಂತಿಗಾಲಿಯ ಮೂಲ ಹಬ್ಬನ್ನು ಹಾಕಿದರೆ ಟಯರು ಮಡ್‌ಗಾರ್ಡಿಗೆ ತಾಗುತ್ತದೆ. ಹಾಗಾಗಿ ‘1968ರ ಎಂಜಿಬಿಗೆ ಹಿಂದಿನ ಹಬ್ ಬೇಕು’ ಎಂಬುದು ಪೂರ್ಣವಾದ ಬೇಡಿಕೆಯೇ ಅಲ್ಲ. ಐವತ್ತು ವರ್ಷಗಳಲ್ಲಿ ಆಕ್ಸಲ್ಲೇ ಬದಲಾಗಿರಬಹುದಾದ್ದರಿಂದ ಕಾರಿನ ಅಡಿಗೆ ಇಳಿದು ಕಣ್ಣಾರೆ ನೋಡದ ಹೊರತು ಯಾವ ಹಬ್ ಬೇಕೆಂದು ಯಾರೂ ಹೇಳಲಾರರು.

ಸಾದಾ ಗಾಲಿಯ ಹಬ್ ಇಷ್ಟು ಜಟಿಲವಲ್ಲವಾದರೂ ಅಲ್ಲಿಯೂ ಒಂದು ಹಳ್ಳವಿದೆ. ಎಂಜಿಬಿಯ ಗಾಲಿಯ ಸ್ಟಡ್ ಅರ್ಧ ಇಂಚಿನ ಯುಎನ್‌ಎಫ್, ಅಂದರೆ 12.70 ಮಿ.ಮೀ. ವ್ಯಾಸ, ಇಂಚಿಗೆ 20 ಸುತ್ತು, ಎಂದರೆ ಸುತ್ತಿನ ಅಂತರ 1.27 ಮಿ.ಮೀ. ನಮ್ಮ ಪೇಟೆಯಲ್ಲಿ ಸುಲಭವಾಗಿ ಸಿಗುವ 12 ಮಿ.ಮೀ. ಸ್ಟಡ್ಡಿನ ಸುತ್ತಿನ ಅಂತರ 1.25 ಮಿ.ಮೀ. ಸುತ್ತಿನ ಅಂತರದಲ್ಲಿ ವ್ಯತ್ಯಾಸ ಕೂದಲೆಳೆಯಷ್ಟೂ ಇಲ್ಲದ ಕಾರಣ ಇಂಚಿನ ನಟ್ಟು ಮಿಲಿಮೀಟರಿನ ಸ್ಟಡ್ಡಿನ ಮೇಲೆ ಸಲೀಸಾಗಿ ಏರಿ ಕೂರುತ್ತದೆ. ವ್ಯಾಸದಲ್ಲಿ 0.7 ಮಿ.ಮೀ. ಕಡಿಮೆ ಇರುವುದರಿಂದ ಥ್ರೆಡ್ಡುಗಳು ತುದಿತುದಿಯಲ್ಲಷ್ಟೇ ಒಂದನ್ನೊಂದು ಹಿಡಿದಿರುತ್ತವೆ. ಅಂಗಡಿಯ ಮುಂದೆ ಅದು ‘ಕೂತಿದೆ’. ಆಗುಂಬೆ ಘಾಟಿಯ ಇಳಿತದಲ್ಲಿ ಕೂತಿರುತ್ತದೆಯೆಂಬ ಖಾತರಿಯಿಲ್ಲ.

ಸವೆದದ್ದನ್ನೇ ಮಾದರಿ ಮಾಡಿಕೊಂಡರೆ

ಶಿವಮೊಗ್ಗದ ಕಾರ್ಖಾನೆಗಳ ಹೆಗ್ಗಳಿಕೆಯೂ ದೌರ್ಬಲ್ಯವೂ ಒಂದೇ: ತಂದುಕೊಟ್ಟ ಯಾವ ವಸ್ತುವನ್ನಾದರೂ ನೋಡಿ ಅದರಂತೆಯೇ ಮಾಡಿಕೊಡಬಲ್ಲ ಕೈಚಳಕ. ಅಡಿಕೆ ಸುಲಿಯುವ ಯಂತ್ರದ ಗೇರಿಗೆ, ಪಂಪಿನ ಇಂಪೆಲ್ಲರಿಗೆ ಈ ವಿಧಾನ ಹಲವು ದಶಕಗಳಿಂದ ನಡೆದುಬಂದಿದೆ. ಹಬ್ಬಿನಲ್ಲಿ ಇದು ನಡೆಯದು. ಬದಲಿಸಬೇಕಾಗಿ ಬಂದ ಹಬ್ ಸವೆದಿರುತ್ತದೆ ಎಂಬುದು ಸ್ವಯಂಸಿದ್ಧ. ಹೊಸ ಹಬ್ಬಿನ ಹಲ್ಲುಗಳ ತುದಿ ಚಪ್ಪಟೆಯಾಗಿರುತ್ತದೆ. ಸವೆದಂತೆ ಅವು ಚೂಪಾಗುತ್ತವೆ. ಸವೆದ ಮಾದರಿಯನ್ನು ಅಳೆದು ಕತ್ತರಿಸಿದ ಹೊಸ ಹಬ್ ಹುಟ್ಟುವಾಗಲೇ ಮುಪ್ಪಾಗಿರುತ್ತದೆ. ಎರಕದವರು ಅದನ್ನೇ ಪ್ಯಾಟರ್ನಿನಂತೆ ಮರಳಿನಲ್ಲಿ ಒತ್ತಿದರೆ ಕತೆ ಇನ್ನೂ ಕೆಡುತ್ತದೆ, ಏಕೆಂದರೆ ತಣಿಯುವಾಗ ಕಬ್ಬಿಣದ ಎರಕ ಶೇ. 1ರಷ್ಟೂ ಉಕ್ಕಿನ ಎರಕ ಶೇ. 2ರಷ್ಟೂ ಕುಗ್ಗುತ್ತದೆ. ಎರಕದ ಮನೆಯ ಯಾವ ಹಿರಿಯ ಕೆಲಸಗಾರನಿಗೂ ಇದು ಗೊತ್ತು. ಅವಸರದ ಬೇಡಿಕೆಯ ಮುಂದೆ ಗೊತ್ತಿದ್ದದ್ದನ್ನೂ ಬದಿಗಿಡುವ ಸಂದರ್ಭಗಳು ಬರುತ್ತವೆ.

ಸವೆತದ ವಿಷಯದಲ್ಲಿ ವರ್ತಕರು ಗಿರಾಕಿಗೆ ಹೇಳಲೇಬೇಕಾದ ಅಪ್ರಿಯ ಸತ್ಯವೊಂದಿದೆ. ಹಬ್ಬಿನ ಹಲ್ಲುಗಳೂ ಗಾಲಿಯ ಹಲ್ಲುಗಳೂ ಜೊತೆಯಾಗಿ ಸವೆಯುತ್ತವೆ. ಹೊರಡುವಾಗ ಮತ್ತು ಬ್ರೇಕ್ ಒತ್ತಿದಾಗ ‘ಟಕ್’ ಎಂಬ ಸದ್ದು ಬಂದರೆ ಅದು ಎರಡೂ ಸವೆದಿರುವ ಸೂಚನೆ. ಸವೆದ ಹಬ್ಬಿನ ಮೇಲೆ ಹೊಸ ಗಾಲಿ ಹಾಕಿದರೆ ಕೆಲವೇ ಸಾವಿರ ಕಿಲೋಮೀಟರುಗಳಲ್ಲಿ ಹೊಸ ಗಾಲಿ ಹಾಳು. ಹೊಸ ಹಬ್ಬಿನ ಮೇಲೆ ಸವೆದ ಗಾಲಿ ಹಾಕಿದರೂ ಅಷ್ಟೇ. ಬದಲಿಸುವುದಾದರೆ ಜೋಡಿಯಾಗಿಯೇ ಬದಲಿಸಬೇಕು. ಇದನ್ನು ಹೇಳಿದರೆ ಗಿರಾಕಿ ಎದ್ದುಹೋದಾನು ಎಂಬ ಅಂಜಿಕೆ ಸಣ್ಣದಲ್ಲ. ಹೇಳದೆ ಮಾರಿದ ಅಂಗಡಿಗೆ ಅವನು ಮರಳಿ ಬರುವುದು ಜಗಳಕ್ಕೆ.

ಮುಂಗಾಲಿನ ಹಬ್ಬಿನಲ್ಲಿ ತಪ್ಪು ಬೇರೊಂದು ಬಗೆಯದು. ಎಂಜಿಬಿಯ ಮುಂದಿನ ಹಬ್ ಎರಡು ಟೇಪರ್ ರೋಲರ್ ಬೇರಿಂಗುಗಳ ಮೇಲೆ ತಿರುಗುತ್ತದೆ. ಎರಡು ಬೇರಿಂಗುಗಳ ನಡುವೆ ಒಂದು ಸ್ಪೇಸರ್ ಕೊಳವೆ, ಅದರ ತುದಿಗೆ ತೆಳುವಾದ ಶಿಮ್ ಬಿಲ್ಲೆಗಳು. ನಟ್ಟನ್ನು ಪೂರ್ಣ ಬಿಗಿಗೊಳಿಸಿದ ಮೇಲೂ ಹಬ್ಬಿಗೆ ಉದ್ದುದ್ದಕ್ಕೆ 0.002ರಿಂದ 0.004 ಇಂಚು, ಅಂದರೆ 0.05ರಿಂದ 0.10 ಮಿ.ಮೀ. ಆಟ ಉಳಿಯಬೇಕು. ಈ ಕೊಳವೆಯು ಸ್ಟಬ್ ಆಕ್ಸಲ್ಲಿಗೂ ಬಲ ನೀಡುತ್ತದೆ. ಬೇರೆ ಕಾರುಗಳಲ್ಲಿ ನಟ್ಟನ್ನು ಬಿಗಿಹಿಡಿದು ತುಸು ಸಡಿಲಿಸುವ ಅಭ್ಯಾಸವಿರುವ ಮೆಕ್ಯಾನಿಕ್ಕರು ಈ ಕೊಳವೆಯನ್ನು ‘ಬೇಡದ್ದು’ ಎಂದು ತೆಗೆದಿಡುವುದುಂಟು. ಹೊಸ ಹಬ್ಬನ್ನು ಮಾರುವವನು ಜೊತೆಗೆ ಶಿಮ್ಮುಗಳ ಪೊಟ್ಟಣವನ್ನೂ ಕೂರಿಸುವ ಕ್ರಮದ ಒಂದು ಹಾಳೆಯನ್ನೂ ಕೊಟ್ಟರೆ ಅದರ ಖರ್ಚು ಹತ್ತಿಪ್ಪತ್ತು ರೂಪಾಯಿ ದಾಟದು.

ದೂರದ ನೆಂಟಸ್ತಿಕೆ

ಈ ಕಾರುಗಳು ಭಾರತಕ್ಕೆ ಸಂಪೂರ್ಣ ಅಪರಿಚಿತವೇನಲ್ಲ. 2014ರವರೆಗೆ ಉತ್ತರಪಾರಾದಲ್ಲಿ ತಯಾರಾದ ಅಂಬಾಸಿಡರ್ ಮೂಲತಃ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಮೋರಿಸ್ ಆಕ್ಸ್‌ಫರ್ಡ್. ಅದರ 1489 ಸಿ.ಸಿ. ಎಂಜಿನ್ ಎಂಜಿಎ ಕಾರಿನ ಎಂಜಿನ್ನಿನ ಕುಟುಂಬದ್ದೇ. 1961ರಿಂದ ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಚಾಸಿ ಮತ್ತು ಸಸ್ಪೆನ್ಷನ್ನಿನ ಆಧಾರದ ಮೇಲೆಯೇ 1962ರ ಟ್ರಯಂಫ್ ಸ್ಪಿಟ್‌ಫೈರ್ ರೂಪುಗೊಂಡಿತು. ಇನ್ನೂ ಹತ್ತಿರದ ಸಂಬಂಧ ತಂತಿಗಾಲಿಯದು. ಚೆನ್ನೈನ ಪಾಡಿಯಲ್ಲಿ ಟಿವಿಎಸ್ ಸಮೂಹದವರು 1960ರ ದಶಕದ ಆರಂಭದಲ್ಲಿ ಹುಟ್ಟುಹಾಕಿದ ವೀಲ್ಸ್ ಇಂಡಿಯಾ ಕಂಪನಿಯು ಹಳೆಯ ಕಾರುಗಳ ತಂತಿಗಾಲಿಗಳನ್ನು ತಯಾರಿಸಿ ರಫ್ತು ಮಾಡುವ ಸಂಸ್ಥೆಯೆಂದು ಹೆಸರಾಗಿದೆ. ಗಾಲಿಯನ್ನು ಚೆನ್ನೈ ಮಾಡಬಲ್ಲದಾದರೆ ಅದು ಕೂರುವ ಹಬ್ಬನ್ನು ಶಿವಮೊಗ್ಗ ಮಾಡಲಾಗದೆಂಬ ಮಾತಿಗೆ ತಾಂತ್ರಿಕ ಆಧಾರವಿಲ್ಲ.

ಆದರೆ ನೆಂಟಸ್ತಿಕೆಯೇ ಕೆಲವೊಮ್ಮೆ ಮೋಸ ಮಾಡುತ್ತದೆ. ಸ್ಪಿಟ್‌ಫೈರ್ ಕಾರಿಗೆ ಮುಂಗಾಲುಗಳಲ್ಲಿ ಆರಂಭದಿಂದಲೇ ಡಿಸ್ಕ್ ಬ್ರೇಕ್ ಇತ್ತು. ಮದರಾಸಿನ ಹೆರಾಲ್ಡಿಗೆ ಡ್ರಮ್. ಹೆರಾಲ್ಡಿನ ಹಬ್ ಒಂದೇ ವಂಶದ್ದೆಂಬ ಮಾತ್ರಕ್ಕೆ ಸ್ಪಿಟ್‌ಫೈರಿನದಾಗದು. ಇವೆರಡರ ಹಿಂದಿನ ಹಬ್ ಇಳಿಜಾರು ಮೈಯ ಶಾಫ್ಟಿನ ಮೇಲೆ ಕೀಲಿನ ಸಹಿತ ಬಿಗಿದು ಕೂತಿರುತ್ತದೆ. ಅದಕ್ಕೆಂದೇ ಮಾಡಿದ ಪುಲ್ಲರ್ ಇಲ್ಲದೆ ಸುತ್ತಿಗೆಯಿಂದ ಬಡಿದು ತೆಗೆದ ಹಬ್ಬಿನ ಅಂಚು ಬಾಗಿರುವ ಸಂಭವವೇ ಹೆಚ್ಚು. ಗುಜರಿಯಲ್ಲಿ ಸಿಕ್ಕ ‘ಅಸಲಿ’ ಹಬ್ ಎಂದು ಹಿಗ್ಗುವ ಮುನ್ನ ಅದನ್ನು ಲೇತಿನ ಮೇಲೆ ತಿರುಗಿಸಿ ಡಯಲ್ ಗೇಜ್ ಹಿಡಿಯುವುದು ಮೇಲು.

ಭದ್ರಾವತಿಯ ಉಕ್ಕು, ಮಾಚೇನಹಳ್ಳಿಯ ಎರಕ

ಶಿವಮೊಗ್ಗ ಮತ್ತು ಭದ್ರಾವತಿಗಳ ನಡುವಿನ ಇಪ್ಪತ್ತು ಕಿಲೋಮೀಟರಿನೊಳಗಿನ ದಾರಿಯಲ್ಲಿ ಹಬ್ಬಿಗೆ ಬೇಕಾದ ಎಲ್ಲ ವಿದ್ಯೆಗಳೂ ಒಂದು ಕಾಲಕ್ಕೆ ಒಟ್ಟಿಗೆ ನೆಲೆಸಿದ್ದವು. ಕೆಮ್ಮಣ್ಣುಗುಂಡಿಯ ಅದಿರು ಮತ್ತು ಮಲೆನಾಡಿನ ಇದ್ದಿಲಿನಿಂದ 1923ರಲ್ಲಿ ಕಬ್ಬಿಣ ಕರಗಿಸಲು ತೊಡಗಿದ ಭದ್ರಾವತಿಯ ಕಾರ್ಖಾನೆ ಮುಂದೆ ಮಿಶ್ರಲೋಹದ ಉಕ್ಕಿಗೆ ಹೆಸರಾಯಿತು. ತಂತಿಗಾಲಿಯ ಮೂಲ ಹಬ್ಬುಗಳು ಬಡಿದು ರೂಪಿಸಿದ ಉಕ್ಕಿನವು. ಇಎನ್ 8 ದರ್ಜೆಯಂತಹ ಇಂಗಾಲದ ಉಕ್ಕು ಅಂತಹ ಕೆಲಸಕ್ಕೆ ಹೊಂದುವಂಥದು. ಆಕ್ಸಲ್ ಶಾಫ್ಟಿಗೆ ಇಎನ್ 24. ಎರಡನೆಯ ಮಹಾಯುದ್ಧದ ತುರ್ತಿನಲ್ಲಿ ಬ್ರಿಟಿಷರು ಉಕ್ಕಿನ ದರ್ಜೆಗಳಿಗೆ ಇಟ್ಟ ಈ ಹೆಸರುಗಳನ್ನು ಅವರೇ ಕೈಬಿಟ್ಟು ದಶಕಗಳಾದವು. ನಮ್ಮ ಉಕ್ಕಿನ ಅಂಗಡಿಗಳಲ್ಲಿ ಇಂದಿಗೂ ಇಎನ್ 8 ಎಂದೇ ಕೇಳುತ್ತಾರೆ, ಇಎನ್ 8 ಎಂದೇ ಕೊಡುತ್ತಾರೆ. ಕೊಟ್ಟದ್ದು ಅದೇ ಹೌದೇ ಎಂಬುದು ಮಾತ್ರ ಎಷ್ಟೋ ಬಾರಿ ನಂಬಿಕೆಗೆ ಬಿಟ್ಟ ವಿಷಯ.

ಎರಕದ ಕಡೆಯಲ್ಲಿ ಶಿವಮೊಗ್ಗದ ಫೌಂಡ್ರಿಗಳು ಬೆಳಗಾವಿಯವರಂತೆಯೇ ಹೆಸರು ಗಳಿಸಿವೆ. ಟ್ರ್ಯಾಕ್ಟರು, ಟ್ರಕ್ಕುಗಳ ಹಬ್ಬುಗಳಿಗೆ ಇಂದು ಎಸ್‌ಜಿ ಕಬ್ಬಿಣದ ಎರಕ ಒಪ್ಪಿತವಾದ ವಸ್ತು. ಸಾದಾ ಗಾಲಿಯ ಹಳೆಯ ಕಾರಿಗೂ ಸೂಕ್ತ ದರ್ಜೆಯ ಎಸ್‌ಜಿ ಎರಕದಿಂದ ಹಬ್ ಮಾಡುವುದನ್ನು ಪರಿಶೀಲಿಸಬಹುದು. ಹಲ್ಲಿನ ಹಬ್ಬಿಗೆ ಮಾತ್ರ ಬಡಿದ ಉಕ್ಕೇ ಸರಿ. ಬೂದು ಎರಕದ ಕಬ್ಬಿಣದಿಂದ ಇವುಗಳಲ್ಲಿ ಯಾವುದನ್ನೂ ಮಾಡತಕ್ಕದ್ದಲ್ಲ. ಬಣ್ಣ ಬಳಿದ ಮೇಲೆ ಮೂರೂ ಒಂದೇ ತೆರನಾಗಿ ಕಾಣುತ್ತವೆಂಬುದೇ ಈ ಎಚ್ಚರಿಕೆಗೆ ಕಾರಣ.

ಭಾರತೀಯ ಉಕ್ಕು ಪ್ರಾಧಿಕಾರದ ಆಡಳಿತ ಮಂಡಳಿಯು 2023ರ ಜನವರಿಯಲ್ಲಿ ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಕೈಗೊಂಡದ್ದು, ಗುತ್ತಿಗೆ ಕಾರ್ಮಿಕರು ದೀರ್ಘ ಹೋರಾಟ ನಡೆಸಿದ್ದು, ಅದೇ ವರ್ಷ ಆಗಸ್ಟಿನಲ್ಲಿ ಬಾರ್ ಮಿಲ್ ಮತ್ತೆ ಚಾಲನೆ ಪಡೆದದ್ದು ಎಲ್ಲರಿಗೂ ನೆನಪಿರುವ ಸಂಗತಿಗಳು. ಕಾರ್ಖಾನೆಯ ಭವಿಷ್ಯದ ಚರ್ಚೆ ಇಲ್ಲಿ ಅಪ್ರಸ್ತುತ. ಪ್ರಸ್ತುತವಾದದ್ದು ಬೇರೆ: ಉಕ್ಕಿನ ಕಿಡಿ ನೋಡಿಯೇ ದರ್ಜೆ ಹೇಳಬಲ್ಲವರು, ಗಡಸುತನ ಏರಿಸಿ ಇಳಿಸುವ ಕ್ರಮ ಬಲ್ಲವರು, ಗೇಜ್ ಕೊಠಡಿಯಲ್ಲಿ ಮೂವತ್ತು ವರ್ಷ ಕಳೆದವರು ನಿವೃತ್ತರಾಗಿ ನ್ಯೂಟೌನಿನ ಮನೆಗಳಲ್ಲಿ ಕೂತಿದ್ದಾರೆ. ಅವರ ತಿಳಿವಳಿಕೆ ಯಾವ ಕಡತದಲ್ಲೂ ಬರೆದಿಟ್ಟದ್ದಲ್ಲ. ಇನ್ನು ಹತ್ತು ವರ್ಷಗಳಲ್ಲಿ ಅದು ಕೇಳಿದರೂ ಸಿಗದು.

ಮಾರುವವನ ಹೊಣೆ

ಇದುವರೆಗಿನ ಮಾತು ತಯಾರಕರದಾಯಿತು. ವರ್ತಕರಿಗೆ ಇನ್ನೂ ಹತ್ತಿರದ ವಿಷಯವೊಂದಿದೆ. 2020ರ ಜುಲೈನಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದೋಷಯುಕ್ತ ವಸ್ತುವಿನಿಂದಾದ ಹಾನಿಗೆ ತಯಾರಕನನ್ನಷ್ಟೇ ಅಲ್ಲದೆ ಕೆಲವು ಸಂದರ್ಭಗಳಲ್ಲಿ ಮಾರಾಟಗಾರನನ್ನೂ ಹೊಣೆಯಾಗಿಸುತ್ತದೆ. ಆ ಸಂದರ್ಭಗಳಲ್ಲಿ ಒಂದು, ತಯಾರಕ ಯಾರೆಂಬುದೇ ಗೊತ್ತಿಲ್ಲದಿರುವುದು. ಹೆಸರಿಲ್ಲದ, ಗುರುತಿಲ್ಲದ, ಬಿಲ್ಲಿಲ್ಲದ ಹಬ್ಬನ್ನು ಎಲ್ಲಿಂದಲೋ ತಂದು ಮಾರಿದ ಅಂಗಡಿಯವನು ಕಾನೂನಿನ ಕಣ್ಣಿನಲ್ಲಿ ತಯಾರಕನ ಕುರ್ಚಿಯಲ್ಲೇ ಕೂರಬೇಕಾಗಬಹುದು. ವಸ್ತುವನ್ನು ಮಾರ್ಪಡಿಸಿ ಮಾರಿದ್ದರೂ ಅದೇ ಗತಿ. ರಂಧ್ರ ಹಿಗ್ಗಿಸಿ, ಬುಶ್ ಹಾಕಿ ‘ಕೂರಿಸಿಕೊಟ್ಟ’ ಹಬ್ ಈ ಮಾತಿನ ವ್ಯಾಪ್ತಿಯಿಂದ ಹೊರಗುಳಿಯುವುದೆಂದು ಭಾವಿಸುವುದು ಜಾಣತನವಾಗದು. ಐವತ್ತು ರೂಪಾಯಿ ಲಾಭದ ವಸ್ತುವಿಗೆ ಐದು ಲಕ್ಷದ ಹೊಣೆ ಹೊರುವ ವ್ಯಾಪಾರವನ್ನು ಯಾವ ಹಿರಿಯ ವರ್ತಕನೂ ಮೆಚ್ಚಲಾರ. ಹಬ್ಬಿನ ಮೇಲೆ ತಯಾರಕನ ಗುರುತು, ಹೀಟ್ ನಂಬರ್, ಬದಿಯ ಗುರುತು ಕೊರೆದಿರಲೇಬೇಕೆಂದು ಖರೀದಿಯ ಹಂತದಲ್ಲೇ ಪಟ್ಟುಹಿಡಿಯುವುದು ಅಂಗಡಿಯ ಸ್ವಂತ ರಕ್ಷಣೆ.

ಇದಕ್ಕೆಲ್ಲ ಒಂದು ಸಮರ್ಥವಾದ ಆಕ್ಷೇಪವಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಹಳೆಯ ಬ್ರಿಟಿಷ್ ಕಾರುಗಳ ಹಬ್ಬಿಗೆ ಎಷ್ಟು ಗಿರಾಕಿ? ದೇಶದೊಳಗೆ ಕೈಬೆರಳೆಣಿಕೆಯೆಂದರೂ ತಪ್ಪಲ್ಲ. ಹಲ್ಲು ಕತ್ತರಿಸುವ ಹಾಬ್ ಉಪಕರಣದ ಬೆಲೆಯೇ ಮೊದಲ ಐವತ್ತು ಹಬ್ಬುಗಳ ಲಾಭವನ್ನು ನುಂಗೀತು. ಇದಕ್ಕಾಗಿ ಬ್ಯಾಂಕಿನ ಸಾಲ ಮಾಡಿ ಹೊಸ ಯಂತ್ರ ತರುವಂತೆ ಸಣ್ಣ ಕೈಗಾರಿಕೆಯವರಿಗೆ ಸಲಹೆ ಕೊಡುವುದು ಅನ್ಯಾಯವಾದೀತು. ಪೇಟೆ ಇರುವುದು ಹೊರಗೆ. ಬ್ರಿಟನ್ನಿನಲ್ಲಿ ಹಳೆಯ ಕಾರುಗಳ ಬಿಡಿಭಾಗ ಒಂದು ವ್ಯವಸ್ಥಿತ ಉದ್ಯಮ; 1975ರಲ್ಲಿ ಸ್ಥಾಪನೆಯಾದ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ ಎಂಜಿಬಿಯ ಇಡೀ ಬಾಡಿಯನ್ನೇ ಮೂಲ ಅಚ್ಚುಗಳಿಂದ ಮತ್ತೆ ತಯಾರಿಸಿತು. ಅಮೆರಿಕದ ಮಾಸ್ ಮೋಟಾರ್ಸ್ 1948ರಿಂದ ಇದೇ ವ್ಯಾಪಾರದಲ್ಲಿದೆ. ಭಾರತ ಮತ್ತು ಬ್ರಿಟನ್ 2025ರ ಜುಲೈ 24ರಂದು ಸಹಿ ಹಾಕಿದ ವ್ಯಾಪಾರ ಒಪ್ಪಂದವು ಭಾರತದ ಶೇ. 99ರಷ್ಟು ಸುಂಕ ಬಾಬುಗಳಿಗೆ ಬ್ರಿಟನ್ನಿನಲ್ಲಿ ಸುಂಕವಿಲ್ಲದ ಪ್ರವೇಶವನ್ನು ಉದ್ದೇಶಿಸಿದೆ. ಒಳಪೇಟೆಯಲ್ಲಿಯೂ ವಾಹನ ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರ ಬದಲು ಶೇ. 18ಕ್ಕೆ ಇಳಿಯಿತು. ಇವು ಅನುಕೂಲಗಳೇ, ಆದರೆ ಅಳತೆ ತಪ್ಪಿದ ಹಬ್ಬನ್ನು ಯಾವ ಒಪ್ಪಂದವೂ ಮಾರಿಕೊಡುವುದಿಲ್ಲ.

ಹಾಗಾದರೆ ಈ ಕೆಲಸ ಏತಕ್ಕೆ? ಇಂತಹ ಹಬ್ಬೊಂದನ್ನು ಸರಿಯಾಗಿ ಮಾಡಬೇಕಾದರೆ ಬೇಕಾಗುವ ನಕ್ಷೆ, ಉಕ್ಕಿನ ಪರೀಕ್ಷಾಪತ್ರ, ಗೋ–ನೋಗೋ ಗೇಜು, ಬಿರುಕು ಪರೀಕ್ಷೆ, ತುಂಡು ತುಂಡಿಗೂ ದಾಖಲೆ ಇವೇ ದೊಡ್ಡ ವಾಹನ ಕಂಪನಿಗಳು ತಮ್ಮ ಸರಬರಾಜುದಾರರಿಂದ ಕೇಳುವಂಥವು. ಹತ್ತು ಹಬ್ಬುಗಳ ಸಣ್ಣ ಕೆಲಸದಲ್ಲಿ ಈ ಶಿಸ್ತನ್ನು ಕಲಿತ ಕಾರ್ಖಾನೆಗೆ ಹತ್ತು ಸಾವಿರದ ಕೆಲಸ ಬಂದಾಗ ಹೊಸದಾಗಿ ಕಲಿಯಬೇಕಾದದ್ದು ಕಡಿಮೆ. ನಷ್ಟವಾದರೂ ಹತ್ತು ಹಬ್ಬುಗಳದ್ದಷ್ಟೇ.

ಒಂದೊಂದು ಘಟಕವೂ ಪ್ರತ್ಯೇಕವಾಗಿ ಗೇಜುಗಳನ್ನು ಕೊಳ್ಳುವುದು ಅಸಾಧ್ಯ. ಅದು ವಾಣಿಜ್ಯ ಸಂಸ್ಥೆಯ ಆಶ್ರಯದಲ್ಲಿ ಸಾಮೂಹಿಕವಾಗಿ ಆಗಬಹುದಾದ ಕೆಲಸ. ಹಳೆಯ ವಾಹನಗಳ ಬಿಡಿಭಾಗಗಳಿಗೆ ಒಂದು ನಕ್ಷೆ ಭಂಡಾರ ಬೇಕು. ಅಂಬಾಸಿಡರ್, ವಿಲ್ಲಿಸ್ ಜೀಪು, ಹಳೆಯ ಟ್ರ್ಯಾಕ್ಟರುಗಳಿಂದ ಆರಂಭಿಸಿದರೆ ನಿತ್ಯದ ಉಪಯೋಗಕ್ಕೂ ಬಂದೀತು. ನಕ್ಷೆಗೆ ಆಧಾರ ಸವೆದ ತುಂಡಾಗಿರದೆ, ಬಳಸದ ಮೂಲ ಹಬ್ ಆಗಿರಬೇಕು; ಅಂಥದು ಸಿಗದಿದ್ದಲ್ಲಿ ಮೂರು ನಾಲ್ಕು ಸವೆದ ಹಬ್ಬುಗಳನ್ನು ಅಳೆದು ಸವೆಯದ ಜಾಗಗಳಿಂದ ಮೂಲ ಅಳತೆಯನ್ನು ಕಂಡುಹಿಡಿಯಬೇಕು. ನಿಖರ ಅಳತೆಗೆ 1962ರಿಂದ ಬೆಂಗಳೂರಿನಲ್ಲಿರುವ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆಯ ನೆರವನ್ನು ಕೋರಬಹುದು. ನಕ್ಷೆ ಬರೆಯುವ ಕೆಲಸವನ್ನು ಭದ್ರಾವತಿಯ ಸರ್ಕಾರಿ ಪಾಲಿಟೆಕ್ನಿಕ್ಕಿನ ಮತ್ತು ಶಿವಮೊಗ್ಗದ ಜವಾಹರಲಾಲ್ ನೆಹರು ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟಾಗಿ ವಹಿಸಿ, ತಿದ್ದುವ ಹೊಣೆಯನ್ನು ಉಕ್ಕಿನ ಕಾರ್ಖಾನೆಯ ನಿವೃತ್ತರಿಗೆ ಗೌರವಧನ ಸಹಿತ ಒಪ್ಪಿಸುವುದು ಸೂಕ್ತ. ಗೌರವಧನ ಎಂಬ ಮಾತನ್ನು ಒತ್ತಿ ಹೇಳಬೇಕಾಗಿದೆ. ಅನುಭವವನ್ನು ಬಿಟ್ಟಿಯಾಗಿ ಪಡೆಯುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ.

ಮೊದಲ ನಕ್ಷೆಗಳು ಎಂಜಿಬಿಯ ಹಲ್ಲಿನ ಹಬ್ಬಿನವೇ ಆಗಲಿ, ಏಕೆಂದರೆ ಅದನ್ನು ಸರಿಯಾಗಿ ಬರೆಯಬಲ್ಲವರಿಗೆ ಉಳಿದವು ಕಷ್ಟವಾಗವು. ಕೊಳವೆ ಬಗೆಯ ಆಕ್ಸಲ್ಲಿನದು ಮೊದಲು, ಬ್ಯಾಂಜೋ ಬಗೆಯದು ಆಮೇಲೆ. ಎಡಬದಿಗೆ ಒಂದು ಹಾಳೆ, ಬಲಬದಿಗೆ ಇನ್ನೊಂದು ಹಾಳೆ. ‘ಬಲಬದಿಯದು ಇದರ ಪ್ರತಿಬಿಂಬ’ ಎಂದು ಒಂದೇ ಹಾಳೆಯಲ್ಲಿ ಷರಾ ಬರೆದು ಮುಗಿಸುವುದು ಕೂಡದು. ಲೇತಿನ ಮುಂದೆ ಸಂಜೆಯ ಪಾಳಿಯಲ್ಲಿ ನಿಂತವನು ಷರಾ ಓದುವುದಿಲ್ಲ.